ದಾಳ ಹಾಕುವ ಲೈಬ್ರರಿಯಲ್ಲಿ ನನ್ನ ನೌಕರಿ

ನಾನು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಿದಾಗಲೆಲ್ಲ ಜನ ನನ್ನ ಹತ್ತಿರ ಪುಸ್ತಕ ಕೇಳಿದ್ದಾರೆ. ಶಹಾಪುರದಲ್ಲಿ ನಮ್ಮ ಓಣಿಯ ಹೆಂಗಸರು ಕಾದಂಬರಿ ಕೇಳಿದರು. ಪಕ್ಕದ ಮನೆಯವರು ಪೊಲೀಸ್ ಪರೀಕ್ಷೆಯ ಗೈಡು ಕೇಳಿದರು. ನನ್ನ ಅತ್ತೆಯವರಂತೂ ಬಂದ ನೆಂಟರ ಮುಂದೆಲ್ಲ, "ನಮ್ಮ ಸೊಸಿ ಯಾದಗಿರಿ ಲೈಬ್ರರ್ಯಾಗ ದೊಡ್ಡ ನೌಕರ್ಯಾಗ ಇದ್ದಾಳ್ರಿ" ಎಂದು ಹೇಳಿಕೊಂಡು ಬರುತ್ತಿದ್ದರು. ನಾನು ತಿದ್ದಲು ಹೋಗಲಿಲ್ಲ. "ಇಲ್ರಿ ಅತ್ತಿ, ನಾ ದಿನಾ ಹೋಗಿ ದಾಳಾ ಹಾಕಿ ಬರ್ತೀನಿ" ಎಂದು ನಿಜ ಹೇಳಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತಿತ್ತು.

ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಕೇಳುತ್ತಾರೆ, ಕೆಲಸ ಹೇಗಿರುತ್ತದೆ ಎಂದು. ಸಂಬಳ, ಬಡ್ತಿಯ ವಿಷಯ ಆಫೀಸಿನವರೇ ಹೇಳುತ್ತಾರೆ. ಅವರು ಹೇಳದೆ ಬಿಡುವುದನ್ನು ನಾನು ಬರೆಯುತ್ತೇನೆ.

ಮೊದಲು ಲೈಬ್ರರಿ ಎಂದರೇನು ಎಂಬುದು. ಕಂಪ್ಯೂಟರ್ ಕೆಲಸದಲ್ಲಿ ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ. ಒಂದು ಬಗೆಯ ಕೆಲಸಕ್ಕೆ ಬೇಕಾಗುವ ಪ್ರೋಗ್ರಾಂ ತುಣುಕುಗಳನ್ನೆಲ್ಲ ಬರೆದು, ಪರೀಕ್ಷಿಸಿ, ಒಂದೆಡೆ ಜೋಡಿಸಿಟ್ಟರೆ ಅದು ಲೈಬ್ರರಿ. ಬೇರೆಯವರು ತಮ್ಮ ಪ್ರೋಗ್ರಾಂ ಒಳಗಿನಿಂದ ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತಾರೆ. ನಮ್ಮದು ಬ್ಯಾಕ್‌ಗ್ಯಾಮನ್ ಎಂಬ ಆಟದ ಲೈಬ್ರರಿ. ಅದರ ಒಂದು ತುಣುಕು ದಾಳ ಹಾಕುತ್ತಿತ್ತು, ಇನ್ನೊಂದು ಆ ದಾಳಕ್ಕೆ ಯಾವ ಯಾವ ನಡೆ ನಡೆಯಬಹುದು ಎಂದು ಹುಡುಕುತ್ತಿತ್ತು. ಮತ್ತೊಂದು ಯಾರ ಕೈ ಮೇಲಾಗಿದೆ ಎಂದು ತೂಗುತ್ತಿತ್ತು. ಆಟ ಮುಗಿದ ಮೇಲೆ ಎಲ್ಲಿ ಎಡವಿದಿರಿ ಎಂದು ಮುಖಕ್ಕೆ ಹೊಡೆದಂತೆ ಹೇಳುವುದೂ ಒಂದಿತ್ತು.

ಆಟವನ್ನು ನಮ್ಮ ಪಗಡೆಯ ದೂರದ ಸಂಬಂಧಿ ಎಂದುಕೊಳ್ಳಿ. ಇಪ್ಪತ್ತನಾಲ್ಕು ಮನೆ, ಇಬ್ಬರು ಆಟಗಾರರು, ತಲಾ ಹದಿನೈದು ಕಾಯಿ, ಎರಡು ದಾಳ. ಒಂಟಿಯಾಗಿ ಸಿಕ್ಕ ಕಾಯಿಯನ್ನು ಹೊಡೆಯಬಹುದು. ಹೊಡೆಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಸುತ್ತು ಹಾಕಬೇಕು. ತನ್ನ ಕಾಯಿಗಳನ್ನೆಲ್ಲ ಯಾರು ಮೊದಲು ಪಟದಿಂದ ಹೊರಗೆ ಒಯ್ಯುತ್ತಾರೋ ಅವರು ಗೆದ್ದಂತೆ.

ಇಂಥದ್ದೊಂದು ಕೆಲಸವನ್ನು ಯಾದಗಿರಿಯಲ್ಲಿ ಶುರು ಮಾಡಿದವರು ಜಮೀಲ್ ಸಾಹೇಬರು. ಅವರು ಕಾಲುವೆಯ ಇಂಜಿನಿಯರ್ ಆಗಿದ್ದವರು. ಶಹಾಪುರ, ಸುರಪುರದ ಕಡೆಗೆ ಕಾಲುವೆ ನೀರು ಬಂದ ಹೊಸತು. ಮಳೆ ಬಂದರೆ ಗೇಟು ಎಷ್ಟು ಇಳಿಸಬೇಕು, ಬಾರದಿದ್ದರೆ ಎಷ್ಟು ಎತ್ತಬೇಕು ಎಂಬುದು ಅವರ ತಲೆನೋವು. ಆಫೀಸಿಗೆ ಒಂದು ಕಂಪ್ಯೂಟರ್ ಬಂದಿತ್ತು, ಅದಕ್ಕೆ ಹೂವಿನ ಹಾರ ಹಾಕಿ ಮುಚ್ಚಿಟ್ಟಿದ್ದರು. ಸಾಹೇಬರು ಹಾರ ತೆಗೆದರು. ಮಳೆಗೆ ಬದಲಾಗಿ ಕಂಪ್ಯೂಟರಿನಿಂದ ದಾಳ ಹಾಕಿಸಿ, ನೂರಾರು ಸುಳ್ಳು ಮಳೆಗಾಲಗಳನ್ನು ಓಡಿಸಿ ನೋಡಲು ಕಲಿತರು. ದಾಳ ಹಾಕಿಸಲು ಬಂದ ಮೇಲೆ ಅವರಿಗೆ ಹೈದರಾಬಾದಿನ ತಮ್ಮ ಅಜ್ಜನ ಮನೆಯ ಆಟ ನೆನಪಾಯಿತು. ಇದೇ ಆಟವನ್ನು ಅಲ್ಲಿ ನರ್ದ್ ಅನ್ನುತ್ತಿದ್ದರಂತೆ. ವಯಸ್ಸಾಗುವ ಮೊದಲೇ ನೌಕರಿ ಬಿಟ್ಟು ಸ್ಟೇಶನ್ ರಸ್ತೆಯಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿ ಹಿಡಿದರು. ಕೆಳಗೆ ಭತ್ತದ ರೈತರು ಯೂರಿಯಾಕ್ಕೆ ಪಾಳಿ ಹಚ್ಚುತ್ತಿದ್ದರು, ಮೇಲೆ ನಾವು ದಾಳ ಹಾಕುತ್ತಿದ್ದೆವು. ಎಷ್ಟೋ ರೈತರು ದಾರಿ ತಪ್ಪಿ ಮೇಲೆ ಬಂದು, ಪರದೆಯ ಮೇಲಿನ ಕಾಯಿಗಳನ್ನು ನೋಡಿ, "ಇಲ್ಲಿ ಯೂರಿಯಾ ಚೀಟಿ ಕೊಡ್ತೀರೇನ್ರಿ?" ಎಂದು ಕೇಳಿ ಹೋಗಿದ್ದುಂಟು.

ನಾನು ಗಣಿತ ಓದಿ, ಒಂದಿಷ್ಟು ಕಂಪ್ಯೂಟರ್ ಕಲಿತು, ಶಹಾಪುರದಿಂದ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದೆ. ಸಾಹೇಬರು ನನ್ನ ಸರ್ಟಿಫಿಕೇಟುಗಳನ್ನು ಮುಟ್ಟಲಿಲ್ಲ. ಮೇಜಿನ ಮೇಲೆ ಎರಡು ದಾಳ ಇಟ್ಟರು.

"ಏನವ್ವ ಶರಣಮ್ಮ, ಇವೆರಡೂ ಕೂಡಿ ಏಳು ಬರೋದು ಜಾಸ್ತಿನೋ, ಎಂಟು ಬರೋದು ಜಾಸ್ತಿನೋ?"

"ಏಳು ರೀ."

"ಹಾಕು ಹಂಗಾದ್ರ. ಏಳು ಬಂದ್ರ ನೀ ಗೆದ್ದಿ, ಎಂಟು ಬಂದ್ರ ನಾ ಗೆದ್ದೆ."

ಹಾಕಿದೆ. ಎಂಟು ಬಿತ್ತು. "ಮತ್ತ ಹಾಕು" ಎಂದರು. ಮತ್ತೆ ಎಂಟು. ಮೂರನೆಯ ಸಲ ಏನೇನೋ ಬಿದ್ದು ಕೊನೆಗೆ ಎಂಟೇ ಬಂತು. ನೌಕರಿ ಕೈಬಿಟ್ಟಂತೆಯೇ ಎಂದು ನನಗೆ ಸಿಟ್ಟು ಬಂತು. "ನಿಮ್ಮ ದಾಳಾನ ಸರಿ ಇಲ್ರಿ ಸಾಹೇಬ್ರ" ಎಂದುಬಿಟ್ಟೆ.

ಸಾಹೇಬರು ಕನ್ನಡಕ ಜಾರುವ ಹಾಗೆ ನಕ್ಕರು. "ನೀ ಹೇಳಿದ ಉತ್ತರ ಸರಿ ಅದ. ಆದ್ರೂ ಸೋತಿ. ಸೋತ ಮ್ಯಾಲ ದಾಳಕ್ಕ ಬೈದಿ. ಈ ನೌಕರ್ಯಾಗ ಇರೋತನಕ ನೀ ಈ ಬೈಗುಳಾ ಮಂದಿ ಕಡೆಯಿಂದ ಕೇಳೋಕಿ ಇದ್ದಿ. ಸೋಮವಾರದಿಂದ ಬಾ."

ಮೊದಲ ತಿಂಗಳುಗಳಲ್ಲಿ ನಾನು ಮಾಡಿದ ಎಡವಟ್ಟುಗಳನ್ನು ಹೇಳಿದರೆ ನಿಮಗೆ ಧೈರ್ಯ ಬಂದೀತು. ಹೊಡೆಸಿಕೊಂಡ ಕಾಯಿಗಳನ್ನು ಲೆಕ್ಕದಲ್ಲಿ ಹಿಡಿಯಲು ಮರೆತಿದ್ದೆ. ಆದ್ದರಿಂದ ನನ್ನ ಪ್ರೋಗ್ರಾಂನಲ್ಲಿ ಯಾರು ಹೆಚ್ಚು ಹೊಡೆತ ತಿನ್ನುತ್ತಾರೋ ಅವರ ಕಾಯಿಗಳು ಬೇಗ ಖಾಲಿಯಾಗಿ, ಅವರೇ ಗೆದ್ದರೆಂದು ಘೋಷಣೆ ಆಗುತ್ತಿತ್ತು. "ಪೆಟ್ಟು ತಿಂದಾವರಿಗಿ ಬಹುಮಾನಾ ಕೊಡೋ ಆಟ ಇದೊಂದೇ ನೋಡು" ಎಂದರು ಸಾಹೇಬರು. ಅದನ್ನು ಸರಿಪಡಿಸಿದ ಮೇಲೆ ಇನ್ನೊಂದು ಬಂತು. ಬಿದ್ದ ದಾಳಕ್ಕೆ ಯಾವ ನಡೆಯೂ ಸಾಧ್ಯವಿಲ್ಲದಾಗ ಸರದಿಯನ್ನು ಎದುರಿನವರಿಗೆ ಬಿಟ್ಟುಕೊಡಬೇಕು. ನಾನು ಅದನ್ನು ಬರೆದಿರಲಿಲ್ಲ. ಎರಡು ಯಂತ್ರ ಆಟಗಾರರನ್ನು ಎದುರುಬದುರು ಕೂರಿಸಿ ಊಟಕ್ಕೆ ಹೋದೆವು. ಬಂದು ನೋಡಿದರೆ ಆಟ ಎಲ್ಲಿತ್ತೋ ಅಲ್ಲೇ. ಒಂದು ಇಲ್ಲದ ನಡೆಯನ್ನು ಹುಡುಕುತ್ತಿದೆ, ಇನ್ನೊಂದು ಕಾಯುತ್ತಿದೆ. ಸಾಹೇಬರು ಬಗ್ಗಿ ನೋಡಿ, "ಇವರಿಬ್ಬರೂ ಹೊಲದ ಬದುವಿಂದು ಕೇಸ್ ಹಾಕ್ಯಾರೇನವ್ವ?" ಎಂದು ಕೇಳಿದರು.

ಕೇಸು ಎಂದ ಕೂಡಲೇ ಹಣಮಂತರಾಯ ವಕೀಲರ ಕಥೆ ಹೇಳಬೇಕು. ನನ್ನ ಇಡೀ ನೌಕರಿಯಲ್ಲಿ ನನ್ನನ್ನು ಅಷ್ಟು ಸತಾಯಿಸಿದವರು ಇನ್ನೊಬ್ಬರಿಲ್ಲ.

ಜನಕ್ಕೆ ಆಟ ಪರಿಚಯವಾಗಲಿ ಎಂದು ಸಾಹೇಬರು ಮಹಡಿಯ ಬಾಗಿಲ ಬಳಿ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದರು. ಗುಂಡಿ ಒತ್ತಿದರೆ ಅದು ನೇರವಾಗಿ ಆಟವನ್ನೇ ತೆರೆಯುತ್ತಿತ್ತು. ವಕೀಲರು ಸುರಪುರದವರು. ಯಾದಗಿರಿ ಕೋರ್ಟಿನಲ್ಲಿ ಕೆಲಸವಿದ್ದ ದಿನ ಮೊದಲ ಬಸ್ಸಿಗೆ ಬಂದು, ಕೋರ್ಟು ತೆರೆಯುವವರೆಗೆ ಹೊತ್ತು ಕಳೆಯಲು ನಮ್ಮ ಮಹಡಿ ಹತ್ತುತ್ತಿದ್ದರು. ಕರಿ ಕೋಟನ್ನು ಕುರ್ಚಿಗೆ ತೂಗುಹಾಕಿ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಆಟಕ್ಕೆ ಕೂರುತ್ತಿದ್ದರು. ಮೊದಮೊದಲು ಸೋತರು. ಆಮೇಲೆ ಒಂದು ದಿನ ಗೆದ್ದರು. ಆ ನಂತರ ಬಂದಾಗಲೆಲ್ಲ ಗೆದ್ದರು. ದಿನಕ್ಕೆ ಒಂದೇ ಆಟ, ಅದರಲ್ಲಿ ಗೆಲುವು, "ಕೋರ್ಟಿಗಿ ಹೊತ್ತಾತು" ಎಂದು ಕೋಟು ಹೆಗಲಿಗೆ ಹಾಕಿಕೊಂಡು ಇಳಿದುಹೋಗುವುದು. ಮೆಟ್ಟಿಲ ಮೇಲೆ ನಿಂತು ಒಂದು ಮಾತು ಒಗೆಯುವುದನ್ನು ಮಾತ್ರ ಮರೆಯುತ್ತಿರಲಿಲ್ಲ. "ಶರಣಮ್ಮನವರ, ನಿಮ್ಮ ಮಶೀನಿಗಿ ಇನ್ನಾ ಬುದ್ಧಿ ಬಂದಿಲ್ರಿ."

ನಾನು ಯಂತ್ರಕ್ಕೆ ಬುದ್ಧಿ ಕಲಿಸಲು ಕುಳಿತೆ. ಪಟವನ್ನು ತೂಗುವ ತುಣುಕನ್ನು ಬಿಚ್ಚಿ ಮತ್ತೆ ಬರೆದೆ. ಹೊಸದು ಹಳೆಯದನ್ನು ಸುಲಭವಾಗಿ ಸೋಲಿಸುತ್ತಿತ್ತು. ಸಾಹೇಬರನ್ನೂ ಸೋಲಿಸುತ್ತಿತ್ತು. ಅದನ್ನು ಬಾಗಿಲ ಬಳಿಯ ಯಂತ್ರಕ್ಕೆ ಹಾಕಿದಾಗ ವಕೀಲರು ಒಂದೆರಡು ದಿನ ಸೋತರು, ನನಗೆ ಹಬ್ಬ. ಅದರ ಮುಂದಿನ ಭೇಟಿಯಿಂದ ಮತ್ತೆ ಗೆಲ್ಲಲು ಶುರು. ಬೇಸಿಗೆ ಪೂರ್ತಿ ಹೀಗೇ ಹೋಯಿತು. ನಾನು ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದ ದಿನಗಳುಂಟು.

ಇದು ಬರೀ ನನ್ನ ಮರ್ಯಾದೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಹೈದರಾಬಾದಿನ ಒಬ್ಬ ವ್ಯಾಪಾರಿ ಕಂಪ್ಯೂಟರ್ ಆಟಗಳನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ನಮ್ಮ ಲೈಬ್ರರಿಯನ್ನು ಕೊಳ್ಳುವ ಮಾತಾಗಿತ್ತು. ನಮಗಿದ್ದ ದೊಡ್ಡ ಗಿರಾಕಿ ಅವರೊಬ್ಬರೇ. ಅವರು ಕೈಬಿಟ್ಟರೆ ಮಹಡಿ ಖಾಲಿ ಮಾಡಿ ಗೊಬ್ಬರದವರಿಗೆ ಗೋದಾಮಿಗೆ ಕೊಡುವುದೇ ಉಳಿದ ದಾರಿ. ವಕೀಲರು ತಮ್ಮ ಗೆಲುವನ್ನು ಸುರಪುರದಿಂದ ಯಾದಗಿರಿ ಸ್ಟೇಶನ್ನಿನವರೆಗೆ ಸಾರಿಕೊಂಡು ಬಂದಿದ್ದರಿಂದ ಆ ಸುದ್ದಿ ಹೈದರಾಬಾದಿಗೂ ಮುಟ್ಟಿತು. ವ್ಯಾಪಾರಿ ಫೋನ್ ಮಾಡಿ, "ನಾನೇ ಬರ್ತೀನಿ. ಆ ವಕೀಲರನ್ನೂ ಕರೀರಿ. ನನ್ನೆದುರಿಗೇ ಆಡಲಿ" ಎಂದರು.

ಅವರು ಬರುವ ಹಿಂದಿನ ದಿನ ಸಾಹೇಬರು ಮಹಡಿ ಸಾರಿಸಿದರು. ಬಾಗಿಲ ಬಳಿಯ ಕಂಪ್ಯೂಟರಿನ ಧೂಳು ಹೊಡೆಸಲು ರಿಪೇರಿಯವನನ್ನು ಕರೆಸಿದರು. ಅವನು ಬಿಚ್ಚಿ, ಒರೆಸಿ, ಒಳಗಿದ್ದ ಗುಂಡು ಸೆಲ್ಲು ಸತ್ತಿದೆ ಎಂದು ಹೊಸದು ಹಾಕಿ ಹೋದ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ವ್ಯಾಪಾರಿ ರೈಲಿಳಿದು ಬಂದರು. ವಕೀಲರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮದುವೆಗೆ ಬಂದವರಂತೆ ಬಂದರು. ಗುಂಡಿ ಒತ್ತಿದೆವು. ಆಟ ತೆರೆಯಿತು. ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ದಾಳ ಇನ್ನೂ ಬಿದ್ದಿರಲಿಲ್ಲ, ವಕೀಲರ ಬೆರಳು ಆಗಲೇ ಒಂದು ಕಾಯಿಯ ಮೇಲೆ ಹೋಗಿ ನಿಂತಿತ್ತು. ದಾಳ ಬಿತ್ತು. ಎರಡು ಮತ್ತು ಒಂದು. ವಕೀಲರು ಬೆರಳು ಸುಟ್ಟವರಂತೆ ಕೈ ಹಿಂದೆಳೆದುಕೊಂಡರು.

"ಇದಲ್ರೀ! ಮೊದಲ ಆರು-ಒಂದು ಬರಬೇಕಲ್ಲ!"

ವ್ಯಾಪಾರಿ ನಿಧಾನವಾಗಿ ಕೇಳಿದರು. "ಬರಬೇಕು ಅಂದ್ರೆ ಏನು ವಕೀಲ್ ಸಾಬ್? ಬರಬೇಕು ಅಂತ ಯಾರು ಹೇಳಿದ್ರು?"

"ಅಲ್ಲ... ಹಂಗಲ್ರಿ... ಸಾಮಾನ್ಯವಾಗಿ ಬರ್ತದ..."

"ಆರು-ಒಂದು ಆದ ಮ್ಯಾಲ ಏನ್ ಬರ್ತದ್ರಿ ಸಾಮಾನ್ಯವಾಗಿ?" ಸಾಹೇಬರು ಕೇಳಿದರು.

ಜೀವನವಿಡೀ ಬೇರೆಯವರನ್ನು ಪಾಟೀಸವಾಲಿಗೆ ಒಡ್ಡಿದ ಮನುಷ್ಯ ತಾವೇ ಕಟಕಟೆಯಲ್ಲಿ ನಿಂತು ಬೆವರಿದರು. ಆಮೇಲೆ ಸ್ವಭಾವತಃ ಒಳ್ಳೆಯವರೇ ಆದ್ದರಿಂದ ನಕ್ಕು, ಎಲ್ಲವನ್ನೂ ಹೇಳಿಬಿಟ್ಟರು. ಮುಂಜಾನೆ ಯಂತ್ರ ಚಾಲೂ ಮಾಡಿದ ಮೇಲೆ ಮೊದಲ ಆಟದ ದಾಳಗಳು ದಿನವೂ ಅವವೇ ಬೀಳುತ್ತಿದ್ದವು. ಅವರು ಗೆದ್ದ ಒಂದು ಆಟವನ್ನು ಕಂಠಪಾಠ ಮಾಡಿಕೊಂಡಿದ್ದರು. ಅವರು ಅದೇ ನಡೆ ಆಡಿದರೆ ಯಂತ್ರವೂ ಅದೇ ನಡೆ ಆಡುತ್ತಿತ್ತು. ಬೇಸಿಗೆಯುದ್ದಕ್ಕೂ ಅವರು ಗೆದ್ದದ್ದು ಒಂದೇ ಆಟವನ್ನು. ನಾನು ಯಂತ್ರದ ಬುದ್ಧಿ ಬದಲಿಸಿದಾಗ ಮಾತ್ರ ಎರಡು ದಿನ ಸೋತು, ಹೊಸ ಪಾಠ ಕಲಿಯುತ್ತಿದ್ದರು.

ನನ್ನ ತಲೆಯಲ್ಲಿ ಆಗ ಬೆಳಕಾಯಿತು. ಕಂಪ್ಯೂಟರಿಗೆ ನಿಜವಾದ ದಾಳ ಇರುವುದಿಲ್ಲ. ಅದು ಒಂದು ಅಂಕಿಯಿಂದ ಶುರು ಮಾಡಿ, ಗುಣಿಸಿ ಭಾಗಿಸಿ, ನೋಡುವವರಿಗೆ ದಾಳದಂತೆ ಕಾಣುವ ಅಂಕಿಗಳನ್ನು ಹೊರಹಾಕುತ್ತದೆ. ಶುರುವಿನ ಅಂಕಿ ಒಂದೇ ಆದರೆ ಮುಂದಿನದೆಲ್ಲ ಒಂದೇ. ನಾನು ಆ ಶುರುವಿನ ಅಂಕಿಯನ್ನು ಯಂತ್ರದ ಗಡಿಯಾರದ ತಾರೀಖು, ಗಂಟೆ, ನಿಮಿಷದಿಂದ ತೆಗೆದುಕೊಂಡಿದ್ದೆ. ಸೆಲ್ಲು ಸತ್ತಿದ್ದರಿಂದ ರಾತ್ರಿ ಆರಿಸಿದ ಯಂತ್ರದ ಗಡಿಯಾರ ಪ್ರತಿ ಮುಂಜಾನೆ ಹುಟ್ಟಿದ ದಿನಕ್ಕೇ ಮರಳುತ್ತಿತ್ತು. ನಾನು ವಕೀಲರು ಗೆದ್ದರೋ ಸೋತರೋ ಎಂಬುದನ್ನಷ್ಟೇ ನೋಡಿದ್ದೆ. ಅವರ ಎರಡು ದಿನದ ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದರೆ ಮಗುವಿಗೂ ತಿಳಿಯುತ್ತಿತ್ತು. ಹೊಸಬರೇ, ಫಲಿತಾಂಶ ನೋಡಿ ಎದ್ದುಬಿಡಬೇಡಿ, ಆಟ ಹೇಗೆ ನಡೆಯಿತು ಎಂಬುದನ್ನು ಕೂತು ನೋಡಿ.

ವ್ಯಾಪಾರಿಯ ಮುಖ ಬಿಗಿದಿತ್ತು. ದಾಳವೇ ನೆಚ್ಚಿಕೆಗೆ ಬಾರದ್ದಾದರೆ ಲೈಬ್ರರಿ ಕೊಳ್ಳುವವರು ಯಾರು? ಸಾಹೇಬರು ನನ್ನ ಕಡೆ ನೋಡಿದರು. ನಾನು ಆದದ್ದನ್ನು ಇದ್ದ ಹಾಗೇ ಹೇಳಿದೆ. ಅಲ್ಲೇ ಕುಳಿತು, ಆಡುವವರು ಗುಂಡಿ ಒತ್ತುವ ನಡುವಿನ ಬಿಡುವನ್ನು ಕ್ಷಣದ ಸಣ್ಣ ಚೂರುಗಳಲ್ಲಿ ಅಳೆದು ಶುರುವಿನ ಅಂಕಿ ಹುಟ್ಟಿಸುವಂತೆ ಬದಲಿಸಿದೆ. ಅಷ್ಟು ಸಣ್ಣ ಬಿಡುವನ್ನು ಯಾವ ವಕೀಲರೂ ಎರಡು ದಿನ ಒಂದೇ ರೀತಿ ಹಿಡಿಯಲಾರರು. ಯಂತ್ರದಿಂದ ರಾಶಿ ರಾಶಿ ದಾಳ ಹಾಕಿಸಿ ಒಂದರಿಂದ ಆರರವರೆಗೆ ಎಲ್ಲ ಮುಖವೂ ಹೆಚ್ಚುಕಡಿಮೆ ಸಮನಾಗಿ ಬೀಳುವುದನ್ನು ತೋರಿಸಿದೆ. ವ್ಯಾಪಾರಿ ಆದರೂ ಒಪ್ಪದೆ, ತಮ್ಮ ಚೀಲದಿಂದ ಮರದ ದಾಳ ತೆಗೆದರು. "ಕೈಯಿಂದ ಹಾಕೋಣ. ಬಿದ್ದದ್ದನ್ನ ನೀವು ಯಂತ್ರಕ್ಕೆ ಹೇಳಿ. ಬುದ್ಧಿ ಇದೆಯೋ ಇಲ್ಲವೋ ನೋಡೋಣ."

ವಕೀಲರು ಆಡಿದರು, ಸೋತರು. ಇನ್ನೊಂದು ಆಡಿದರು, ಚೊಕ್ಕಟವಾಗಿ ಸೋತರು. ಮೂರನೆಯದರಲ್ಲಿ ಯಂತ್ರದ ಎರಡು ಕಾಯಿ ಹೊಡೆದು, ಕಾಡಿ ಬೇಡಿ ಕೊನೆಯ ದಾಳಕ್ಕೆ ಗೆದ್ದರು. ಗೆದ್ದಾಗ ಅವರು ಎದ್ದು ಕುಣಿಯುವುದೊಂದೇ ಬಾಕಿ. "ಇದು ಖರೇ ಗೆಲುವು ಹೌದಲ್ರಿ? ಇದಕ್ಕ ಯಾರೂ ತಕರಾರು ತೆಗೀಬಾರ್ದು!" ಎಂದು ವ್ಯಾಪಾರಿಯ ಕೈ ಹಿಡಿದು ಕುಲುಕಿದರು. ಕದ್ದು ಗೆದ್ದ ಇಡೀ ಬೇಸಿಗೆಯಲ್ಲಿ ಅವರ ಮುಖದ ಮೇಲೆ ಅಂಥ ಸಂತೋಷ ನಾನು ನೋಡಿರಲಿಲ್ಲ. ವ್ಯಾಪಾರಿ ಮೊದಲ ಸಲ ನಕ್ಕರು. "ಸೋತವರು ಮತ್ತೆ ಕೂರ್ತಾರೆ, ಗೆದ್ದವರು ಹೀಗೆ ಕೂಗ್ತಾರೆ ಅಂದ್ರೆ ನನ್ನ ಸರಕು ಹೋಗ್ತದೆ" ಎಂದು ಸಂಜೆಯ ರೈಲಿಗೆ ಮುಂಚೆ ಕರಾರಿಗೆ ಸಹಿ ಹಾಕಿದರು.

ಸರಕು ಹೋಯಿತು. ಸರಕಿನ ಹಿಂದೆಯೇ ದೂರುಗಳು ಬಂದವು. ಎಲ್ಲೆಲ್ಲಿಂದಲೋ ಜನ ಬರೆಯುತ್ತಿದ್ದರು: ನಿಮ್ಮ ಯಂತ್ರ ತನಗೆ ಬೇಕಾದ ದಾಳ ತಾನೇ ಹಾಕಿಕೊಳ್ಳುತ್ತದೆ, ನಮಗೆ ಬೇಕಾದಾಗ ಕೊಡುವುದಿಲ್ಲ. ವಿಶೇಷ ಏನೆಂದರೆ ಗೆದ್ದ ಒಬ್ಬರೂ ಹಾಗೆ ಬರೆದದ್ದಿಲ್ಲ. ನಾನು ಮೊದಲಿಗೆ ಪ್ರತಿಯೊಬ್ಬರಿಗೂ ಗಣಿತ ಬಿಡಿಸಿ ಬರೆಯುತ್ತಿದ್ದೆ. ಸಾಹೇಬರು ಅದನ್ನು ನಿಲ್ಲಿಸಿದರು. "ಸೋತಾವರಿಗಿ ಲೆಕ್ಕಾ ಹೇಳಬ್ಯಾಡ. ಅವರಿಗಿ ಸ್ವಂತ ದಾಳಾ ಹಾಕೋ ಸವಲತ್ತು ಕೊಡು" ಎಂದರು. ಕೊಟ್ಟೆ. ಆಟಗಾರರು ಮನೆಯಲ್ಲಿ ದಾಳ ಹಾಕಿ ಬಿದ್ದ ಅಂಕಿಯನ್ನು ತಾವೇ ಯಂತ್ರಕ್ಕೆ ಹೇಳಬಹುದಿತ್ತು. ದೂರು ಅರ್ಧ ಕಡಿಮೆಯಾಯಿತು. ಉಳಿದ ಅರ್ಧ ಜನ ತಮ್ಮ ಮನೆಯ ದಾಳದ ಮೇಲೂ ಯಂತ್ರಕ್ಕೆ ಹಿಡಿತವಿದೆ ಎಂದು ಬರೆದರು.

ಕೆಲಸದ ರೀತಿ ಬದಲಾದದ್ದು ಆಮೇಲೆ. ಅಲ್ಲಿಯವರೆಗೆ ನಮ್ಮ ಯಂತ್ರದ ಬುದ್ಧಿ ಎಂದರೆ ಸಾಹೇಬರ ಬುದ್ಧಿಯೇ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂಟಿ ಕಾಯಿಯನ್ನು ಎದುರಾಳಿಯ ಕೈಗೆ ಸಿಗುವಂತೆ ಬಿಡಬಾರದು ಎಂಬುದು ಅವರ ದೊಡ್ಡ ನಿಯಮ. ಹೊಸ ಪದ್ಧತಿಯಲ್ಲಿ ಹೇಳಿಕೊಡುವವರೇ ಇಲ್ಲ. ಯಂತ್ರಕ್ಕೆ ಆಟದ ಕಾಯದೆ ಮಾತ್ರ ತಿಳಿಸಿ, ತನ್ನ ಜೊತೆ ತಾನೇ ಆಡಲು ಬಿಡುವುದು. ಸೋಲು ಗೆಲುವಿನಿಂದ ಅದೇ ಕಲಿಯಬೇಕು. ಮೊದಲ ವಾರ ಅದು ಎಷ್ಟು ಕೆಟ್ಟದಾಗಿ ಆಡಿತೆಂದರೆ ಸಾಹೇಬರು ಕುರ್ಚಿ ಎಳೆದುಕೊಂಡು ಕೂತು ಮನರಂಜನೆ ಪಡೆದರು. ನಾವು ಅದನ್ನು ಆಡಲು ಬಿಟ್ಟು ಬೇರೆ ಕೆಲಸ ಮಾಡಿದೆವು. ಕರೆಂಟ್ ಹೋದಾಗಲೆಲ್ಲ ಅದರ ವಿದ್ಯಾಭ್ಯಾಸಕ್ಕೂ ರಜೆ. ಕಾಲುವೆಗೆ ಮತ್ತೊಮ್ಮೆ ನೀರು ಬಿಡುವ ಹೊತ್ತಿಗೆ ಅದು ನನ್ನನ್ನು ಸೋಲಿಸಿತು. ಭತ್ತ ತೆನೆ ಬಿಡುವ ಹೊತ್ತಿಗೆ ಸಾಹೇಬರ ನಿಯಮಗಳ ಯಂತ್ರವನ್ನು ಬಿಟ್ಟೂಬಿಡದೆ ಸೋಲಿಸಿತು. ಅದೂ ಹೇಗೆ, ಆಟದ ಶುರುವಿಗೇ ಒಂಟಿ ಕಾಯಿಗಳನ್ನು ರಾಜಾರೋಷವಾಗಿ ಬಯಲಲ್ಲಿ ಬಿಟ್ಟು!

"ಮಾನಾ ಮರ್ಯಾದಿ ಇಲ್ಲ ಇದಕ್ಕ" ಎಂದರು ಸಾಹೇಬರು. ಒಂದು ವಾರ ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ತಾವೇ ಬಂದು, "ನಮ್ಮ ಅಜ್ಜನ ಆಟಾ ಅಳಿಸಿ ಹಾಕ್ತೀಯೇನವ್ವ?" ಎಂದು ಕೇಳಿದರು. ಅಳಿಸಲಿಲ್ಲ. ಹೊಸದಾಗಿ ಕಲಿಯುವವರಿಗಾಗಿ ಸುಲಭದ ಎದುರಾಳಿ ಎಂದು ಲೈಬ್ರರಿಯಲ್ಲೇ ಉಳಿಸಿದೆ. ಗಿರಾಕಿಗಳಿಗೆ ಅದೇ ಹೆಚ್ಚು ಪ್ರಿಯವಾಯಿತು, ಏಕೆಂದರೆ ಅದನ್ನು ಗೆಲ್ಲಬಹುದಿತ್ತು. ಸಾಹೇಬರಿಗೆ ಈ ಸುದ್ದಿಯ ಮೊದಲ ಅರ್ಧ ಮಾತ್ರ ಹೇಳಿದೆ.

ಇನ್ನು ನಸೀಬಿನ ತುಣುಕಿನ ವಿಷಯ. ಹಾಗೆಂದು ಹೆಸರಿಟ್ಟವರು ಸಾಹೇಬರೇ. ಯಂತ್ರ ಇಷ್ಟು ಜಾಣವಾದ ಮೇಲೆ ಒಂದು ಹೊಸ ಕೆಲಸ ಸಾಧ್ಯವಾಯಿತು. ಬಿದ್ದ ದಾಳ ಸರಾಸರಿ ದಾಳಕ್ಕಿಂತ ಎಷ್ಟು ಉಪಕಾರ ಮಾಡಿತು ಎಂದು ಅಳೆದರೆ ಅದು ನಸೀಬು. ಆಡಿದ ನಡೆ ಎಲ್ಲಕ್ಕಿಂತ ಒಳ್ಳೆಯ ನಡೆಗಿಂತ ಎಷ್ಟು ಕೆಳಗೆ ಬಿತ್ತು ಎಂದು ಅಳೆದರೆ ಅದು ತಪ್ಪು. ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಬಹುದು. ಸಾಹೇಬರಿಗೆ ಇದರ ಮೇಲೆ ಎಂಥ ಅವಸರ ಎಂದರೆ ಗಿರಾಕಿಯ ಕೆಲಸ ಬದಿಗಿಡಿಸಿ ಮಾಡಿಸಿದರು. ಕಾರಣ ಆಮೇಲೆ ತಿಳಿಯಿತು.

ಅವರ ಹೆಂಡತಿ ತಸ್ನೀಮ್ ಆಪಾ ಉರ್ದು ಶಾಲೆಯ ಮುಖ್ಯೋಪಾಧ್ಯಾಯಿನಿ ಆಗಿದ್ದವರು. ಮದುವೆಯಾದ ಹೊಸದರಲ್ಲಿ ಗಂಡನಿಂದಲೇ ಆಟ ಕಲಿತು, ಅಂದಿನಿಂದ ಗಂಡನನ್ನೇ ಸೋಲಿಸುತ್ತ ಬಂದಿದ್ದರು. ಸೋತಾಗಲೆಲ್ಲ ಸಾಹೇಬರು "ನಿನ್ನ ನಸೀಬು" ಎನ್ನುತ್ತಿದ್ದರು. ಗೆದ್ದಾಗಲೆಲ್ಲ ಆಪಾ "ನನ್ನ ಅಕಲು", ಅಂದರೆ ನನ್ನ ಬುದ್ಧಿ, ಎನ್ನುತ್ತಿದ್ದರು. ಈಗ ಇಬ್ಬರೂ ಶುಕ್ರವಾರದ ನಮಾಜಿನ ನಂತರ ಆಫೀಸಿಗೆ ಬಂದು ಯಂತ್ರದ ಪಕ್ಕ ಪಟ ಹಾಸಿ ಆಡುವುದು, ನಾನು ಪ್ರತಿ ದಾಳ, ನಡೆಯನ್ನು ಯಂತ್ರಕ್ಕೆ ಹೇಳುವುದು, ಯಂತ್ರ ತೀರ್ಪು ಕೊಡುವುದು ಎಂದಾಯಿತು. ಆಪಾ ಸೋತರೆ ಇನ್ನು ಮುಂದೆ ಅಕಲಿನ ಮಾತೆತ್ತಬಾರದು. ಸಾಹೇಬರು ಸೋತರೆ ಮನೆಯಲ್ಲಿ ಚಹಾ ಅವರೇ ಮಾಡಬೇಕು. ಸಾಹೇಬರು ಈ ಶರತ್ತನ್ನು ಕೆಳಗಿನ ಗೊಬ್ಬರದ ಅಂಗಡಿಯವರಿಗೂ ಹೇಳಿ ಬಂದಿದ್ದರು.

ಸಾಕಷ್ಟು ಆಟಗಳಾದ ಮೇಲೆ ಲೆಕ್ಕ ಹಾಕಿಸಿದೆ. ಪರದೆಯ ಮೇಲೆ ಬಂದದ್ದನ್ನು ಎರಡು ಸಲ ಓದಿದೆ. ನಸೀಬು ಹೆಚ್ಚಾಗಿದ್ದದ್ದು ಸಾಹೇಬರಿಗೆ. ತಪ್ಪು ಕಡಿಮೆ ಮಾಡಿದ್ದು ಆಪಾ.

ಸಾಹೇಬರು ಕನ್ನಡಕ ಒರೆಸಿಕೊಂಡು ಓದಿದರು. "ಇನ್ನಾ ಆಳಕ್ಕ ಹೋಗಿ ನೋಡು" ಎಂದರು. ಪ್ರತಿ ನಡೆಯಿಂದ ಮುಂದಕ್ಕೆ ಸಾವಿರಾರು ಆಟ ಓಡಿಸಿ ನೋಡಿದೆ. ಅಂತರ ಹೆಚ್ಚಾಯಿತು. "ಇನ್ನೊಮ್ಮಿ" ಎಂದರು. ಇನ್ನಷ್ಟು ಹೆಚ್ಚಾಯಿತು. ಅಂಕಿಯನ್ನು ಒಂದು ಚೂರು ಅತ್ತಿತ್ತ ಮಾಡಿದರೆ ಯಾರಿಗೆ ತಿಳಿಯುತ್ತದೆ ಎಂಬ ಯೋಚನೆ ನನಗೆ ಬಂದದ್ದು ನಿಜ. ಸಾಹೇಬರಿಗೂ ಬಂದಿರಬೇಕು, ನನ್ನ ಮುಖ ನೋ﻿ಡಿದರು. ಆದರೆ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಅವರನ್ನು ಇವತ್ತಿಗೂ ನನ್ನ ಮೇಲಧಿಕಾರಿ ಎಂದೇ ಕರೆಯುತ್ತೇನೆ. ಟೋಪಿ ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು.

ಸ್ವಲ್ಪ ಹೊತ್ತಿಗೆ ಆಪಾ ಹತ್ತಿ ಬಂದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಗೆದ್ದೆ ಹೌದಲ್ಲ? ನಾ ಮೊದಲೇ ಹೇಳಿದ್ದೆ. ತೋರ್ಸು, ಎಲ್ಲೆಲ್ಲಿ ತಪ್ಪ್ಯಾರ."

ತೋರಿಸಿದೆ. ಸಣ್ಣಪುಟ್ಟ ತಪ್ಪುಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಸಾಹೇಬರನ್ನು ಮುಳುಗಿಸಿದ್ದು ಯಂತ್ರ ಕೆಂಪು ಗೆರೆ ಎಳೆದು ತೋರಿಸಿದ ದೊಡ್ಡ ತಪ್ಪುಗಳು. ಎಲ್ಲವೂ ಒಂದೇ ಜಾತಿಯವು. ಈ ಆಟದಲ್ಲಿ ಡಬಲ್ ಎಂಬುದೊಂದಿದೆ. ತನ್ನ ಕೈ ಮೇಲಾದವರು "ಡಬಲ್" ಎಂದು ಕರೆಯಬಹುದು. ಎದುರಿನವರು ಒಪ್ಪಿದರೆ ಗೆಲುವಿನ ಅಂಕ ಇಮ್ಮಡಿಯಾಗಿ ಆಟ ಮುಂದುವರಿಯುತ್ತದೆ. ಒಪ್ಪದಿದ್ದರೆ ಅವರು ಸೋತಂತೆ, ಆಟ ಅಲ್ಲಿಗೇ ಮುಗಿಯಿತು.

"ಇಲ್ಲಿ ನೋಡ್ರಿ ಆಪಾ. ಸಾಹೇಬ್ರು ಭಾಳ ಮುಂದ ಇದ್ರು. ಇಲ್ಲಿ ಡಬಲ್ ಅಂದಿದ್ರ ನೀವು ಬಿಟ್ಟುಕೊಡಬೇಕಾಗಿತ್ತು. ಆಟ ಅಲ್ಲೇ ಮುಗೀತಿತ್ತು. ಅನ್ನಲಿಲ್ಲ. ಆಟ ಬೆಳೀತು, ತಿರುಗೇ ಬಿಟ್ಟಿತು. ಇಲ್ಲೂ ಹಂಗೇ. ಇಲ್ಲೂ."

"ಅವರಿಗಿ ತಿಳೀಲಿಲ್ಲ ಅಂತೀಯೇನು?"

ಅದೇ ನನಗೂ ಬಗೆಹರಿಯದ ವಿಷಯ. "ತಿಳೀತದ್ರಿ. ಹಣಮಂತರಾಯ ವಕೀಲರ ಜೋಡಿ ಆಡಿದ್ದು ನೋಡೀನಿ. ಅವರಿಗಿ ಸರೀ ಹೊತ್ತಿಗಿ ಡಬಲ್ ಅಂತಾರ, ಒಂದೂ ತಪ್ಪಂಗಿಲ್ಲ. ನಿಮ್ಮ ಜೋಡಿ ಕುಂತಾಗ ಮಾತ್ರ ಹಿಂಗ."

ಆಪಾ ಕೆಂಪು ಗೆರೆಗಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಗೆದ್ದ ಉಬ್ಬು ಮುಖದಿಂದ ಇಳಿದಿತ್ತು.

"ಕಾಲುವಿ ಕ್ಯಾಂಪಿನ್ಯಾಗ ಇದ್ದಾಗ ಶನಿವಾರ ಬರ್ತಿದ್ರು, ಐತವಾರ ಸಂಜಿಗಿ ಹೊಂಟು ಹೋಗ್ತಿದ್ರು. ಹೋಗೋ ಮುಂಚೆ ಒಂದ್ ಆಟ. ಆಟ ಮುಗೀತಂದ್ರ ಎದ್ದು ಚೀಲಾ ತಗೋತಿದ್ರು." ಅವರು ಪರದೆಯ ಮೇಲೆ ಬೆರಳಿಟ್ಟರು. "ಅಪರೂಪಕ್ಕ ಅವರು ಡಬಲ್ ಅಂದ್ರ ನಾ ಯಾವತ್ತೂ ಬಿಟ್ಟುಕೊಟ್ಟಿಲ್ಲ, ಎಷ್ಟೇ ಕೆಟ್ಟದಿರಲಿ ಒಪ್ಪೀನಿ. ಅದನ್ನೂ ತಪ್ಪ ಅಂತದೇನು ನಿನ್ನ ಮಶೀನು?"

"ಹೌದ್ರಿ ಆಪಾ. ನಿಮ್ಮ ದೊಡ್ಡ ತಪ್ಪುಗಳು ಅವೇ."

"ಹೂಂ" ಎಂದರು ಆಪಾ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಸಾಹೇಬರು ಒಂದು ಕೈಯಲ್ಲಿ ಕೆಟಲಿ, ಇನ್ನೊಂದು ಕೈಯಲ್ಲಿ ಮೂರು ಕಪ್ಪು ಹಿಡಿದು ಬಂದರು. ಮನೆಗೆ ಹೋಗಿ ತಾವೇ ಚಹಾ ಮಾಡಿಕೊಂಡು ಬಂದಿದ್ದರು. ಅಂಗಿಯ ತೋಳಿನ ಮೇಲೆ ಹಾಲು ಉಕ್ಕಿದ ಕಲೆ ಇತ್ತು.

"ಏನಂತದ ಮಶೀನು?" ಎಂದು ಯಾರ ಮುಖವನ್ನೂ ನೋಡದೆ ಕೇಳಿದರು.

"ನೀವು ಭಾಳ ತಪ್ಪ ಆಡ್ತೀರಿ ಅಂತದ" ಎಂದರು ಆಪಾ. ಕುರ್ಚಿ ಎಳೆದು ಪಟದ ಮುಂದೆ ಕೂತು, ಕಾಯಿಗಳನ್ನು ಒಂದೊಂದಾಗಿ ಜೋಡಿಸತೊಡಗಿದರು. "ಇರಲಿ ಬಿಡ್ರಿ. ಹಂಗೇ ಆಡ್ರಿ. ಕುಂದರ್ರಿ."

ಸಾಹೇಬರು ಚಹಾ ಸುರಿದು ಕೂತರು. ಅದಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದರು. ಆಪಾ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದರು, ನಾನು ಆಪಾ ಕಡೆ ನೋಡಿದೆ. ಇಬ್ಬರೂ ಪೂರ್ತಿ ಕುಡಿದೆವು.